ಹದಿನಾರು ವರ್ಷದ ನಂತರ ಚಿಕ್ಕಪ್ಪ ಜೈಲಿನಿಂದ ಬರುತ್ತಿದ್ದಾರೆ, ನಾವು ಏನೇನು ತಯಾರಿ ಮಾಡಿಕೊಳ್ಳಬೇಕು?

ಹೇಮಾವತಿ ದಡ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ಊರಿನ ಹೆಸರು ಬೇಡ, ಹಾಸನ ಜಿಲ್ಲೆ ಅಂದರೆ ಸಾಕು.

2009ರಲ್ಲಿ ನಡೆದ ಒಂದು ಕೊಲೆ ಕೇಸಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಜೀವಾವಧಿ ಆಯಿತು. ಬದುವಿನ ಜಗಳ. ಮಾತಿಗೆ ಮಾತು ಬೆಳೆಯಿತು, ಕೈಯಲ್ಲಿ ಗುದ್ದಲಿ ಇತ್ತು. ಎದುರಿನವರು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ತಪ್ಪು ಚಿಕ್ಕಪ್ಪನದೇ. ನಮ್ಮ ಮನೆಯಲ್ಲಿ ಯಾರೂ ಅದನ್ನು ಇಲ್ಲ ಅನ್ನುವುದಿಲ್ಲ. ಆಗ ಅವರಿಗೆ 34, ಈಗ 50. ಮಗಳು ಆಗ ನಾಲ್ಕು ವರ್ಷದ ಕೂಸು, ಈಗ ಬಿ.ಕಾಂ. ಕೊನೇ ವರ್ಷ. ಚಿಕ್ಕಮ್ಮ ಮಗಳನ್ನು ಕರೆದುಕೊಂಡು ತವರಿಗೆ ಹೋದವರು ಅಲ್ಲೇ ಉಳಿದುಕೊಂಡರು.

ಸನ್ನಡತೆ ಬಿಡುಗಡೆಯ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರಿದೆ. ಪೊಲೀಸರು, ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಇಬ್ಬರೂ ಊರಿಗೆ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ. ಆದೇಶ ಬಂದರೆ ಆಗಸ್ಟ್ 15ರ ಸುಮಾರಿಗೆ ಮನೆಗೆ ಬರಬಹುದು.

ಅಜ್ಜಿಗೆ 82 ವರ್ಷ. ಮಗ ಬರುತ್ತಾನೆ ಅಂತ ಈಗಲೇ ಅಟ್ಟದಿಂದ ಹಾಸಿಗೆ ಇಳಿಸಿ ಬಿಸಿಲಿಗೆ ಹಾಕಿದ್ದಾಳೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ತೀರಿಕೊಂಡವರ ಮನೆ ನಮ್ಮ ಮನೆಯಿಂದ ಎಂಟನೇ ಮನೆ. ಚಿಕ್ಕಪ್ಪನಿಗೆ ಕೆಲಸ ಏನು, ಕಾಗದ ಪತ್ರ ಏನು, ಮಗಳ ಹತ್ತಿರ ಹೇಗೆ ಮಾತಾಡಿಸುವುದು, ಒಂದೂ ಗೊತ್ತಾಗುತ್ತಿಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಕೆರೆ ಏರಿ
ಒಳ್ಳೇದಾಗಲಿ ಅಣ್ಣ. ಅಜ್ಜಿ ಇರುವಾಗಲೇ ಬರುತ್ತಿದ್ದಾರಲ್ಲ, ಅದೇ ದೊಡ್ಡದು.

ನಿವೃತ್ತ ವಾರ್ಡರ್
ಮೂವತ್ತೊಂದು ವರ್ಷ ಕಾರಾಗೃಹ ಇಲಾಖೆಯಲ್ಲಿ ಇದ್ದೆ. ಕಂಡದ್ದನ್ನು ಹೇಳುತ್ತೇನೆ.

ಬಿಡುಗಡೆ ದಿನ ಗೇಟಿನಲ್ಲಿ ವಾರಂಟ್ ನೋಡುತ್ತಾರೆ, ಮೈಮೇಲಿನ ಗುರುತಿನ ಮಚ್ಚೆ ತಾಳೆ ನೋಡುತ್ತಾರೆ. ಒಳಗೆ ಬರುವಾಗ ಒಪ್ಪಿಸಿದ್ದ ಬಟ್ಟೆ, ವಾಚು, ಪರ್ಸು ವಾಪಸ್ ಕೊಡುತ್ತಾರೆ. ಕೂಲಿ ಹಣದ ಲೆಕ್ಕ ಕೊಡುತ್ತಾರೆ. ಅಲ್ಲಿಗೆ ಇಲಾಖೆಯ ಕೆಲಸ ಮುಗಿಯಿತು. ಅವನ ಕಷ್ಟ ಶುರುವಾಗುವುದು ಅಲ್ಲಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ.

ಒಬ್ಬ ಬಂದಿ ಹೊರಗೆ ಹೋಗುವಾಗ ಹಳೇ ಪರ್ಸಿನ ಒಳಮಡಿಕೆಯಲ್ಲಿ ಎರಡು ಐನೂರರ ನೋಟು ಸಿಕ್ಕಿದವು. ಒಳಗೆ ಬಂದಾಗ ಅವನೂ ಮರೆತಿದ್ದ, ನಾವೂ ನೋಡಿರಲಿಲ್ಲ. ಎಷ್ಟು ಖುಷಿಪಟ್ಟ ಅಂದರೆ, ಹೆಂಡತಿಗೆ ಸೀರೆ ತಗೊಂಡು ಹೋಗುತ್ತೇನೆ ಅಂದ. ಅವು 2016ರಲ್ಲೇ ರದ್ದಾದ ನೋಟುಗಳು. ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಕೊನೆಗೆ ನಾವು ನಾಲ್ಕು ಜನ ಸೇರಿ ಸೀರೆ ದುಡ್ಡು ಹೊಂದಿಸಿದೆವು.

ಒಂದೇ ಮಾತು. ಗೇಟಿಗೆ ಮನೆಯವರು ಹೋಗಲೇಬೇಕು. ಯಾರೂ ಬಾರದವನನ್ನು ಕರೆದುಕೊಂಡು ಹೋಗಲು ಹಳೇ ಸಹವಾಸದವರು ಬೈಕ್ ತಂದು ನಿಂತಿರುತ್ತಾರೆ.

ಧಾರವಾಡದ ವಕೀಲೆ
ಹೇಮಾವತಿ ದಡ ಅವರೇ, ಕಾಗದದ ಕೆಲಸ ಬಿಡುಗಡೆಗೆ ಮೊದಲೇ ಶುರು ಮಾಡಿ.

ಬಿಡುಗಡೆ ಆದೇಶದ ಪ್ರತಿ ಕೇಳಿ ಇಸ್ಕೊಳ್ಳಿ. ಸನ್ನಡತೆ ಬಿಡುಗಡೆಗೆ ಷರತ್ತುಗಳಿರುತ್ತವೆ. ಷರತ್ತು ಮುರಿದರೆ ಮತ್ತೆ ಒಳಗೆ ಹೋಗಬೇಕಾಗುತ್ತದೆ. ಅದಕ್ಕೇ ಮನೆಯ ಇನ್ನಿಬ್ಬರಾದರೂ ಅದನ್ನು ಓದಿರಬೇಕು. ನಾಲ್ಕು ಜೆರಾಕ್ಸ್ ಮಾಡಿಸಿ ಒಂದನ್ನು ಅವರ ಜೇಬಿನಲ್ಲೇ ಇಡಿ. ಯಾರಾದರೂ ಪೊಲೀಸರು ತಡೆದರೆ ತೋರಿಸುವುದಕ್ಕೆ ಬೇಕಾಗುತ್ತದೆ.

ಆಧಾರ್ ಇದೆಯಾ? ಇದ್ದರೆ ಲಿಂಕ್ ಆದ ಮೊಬೈಲ್ ನಂಬರ್ ಈಗ ಯಾರ ಕೈಯಲ್ಲಿದೆಯೋ ಏನೋ. ಆಧಾರ್ ಇಲ್ಲದಿದ್ದರೆ ಜೈಲು ಅಧಿಕಾರಿ ಸಹಿ ಮೊಹರು ಹಾಕಿದ ಪ್ರವೇಶ ದಾಖಲೆಯ ಮೇಲೆ ಒಳಗಿರುವಾಗಲೇ ಮಾಡಿಸಬಹುದು. ಸೂಪರಿಂಟೆಂಡೆಂಟ್ ಅವರಿಗೆ ಒಂದು ಅರ್ಜಿ ಕೊಡಿ. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಉಳಿದಿದೆಯಾ ನೋಡಿ. ಬ್ಯಾಂಕ್ ಖಾತೆ ಹತ್ತು ವರ್ಷ ಮುಟ್ಟದೇ ಬಿಟ್ಟಿದ್ದರೆ ಮತ್ತೆ ಕೆವೈಸಿ ಕೊಡಬೇಕಾಗುತ್ತದೆ.

ಎಲ್ಲಾದರೂ ತಡೆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಫೀಸು ಇಲ್ಲ.

ಪೀಣ್ಯ ವೆಲ್ಡರ್
ಜೈಲಿನಲ್ಲಿ ಯಾವ ಕೆಲಸ ಮಾಡುತ್ತಿದ್ದರು?

ಹೇಮಾವತಿ ದಡ
ಮರಗೆಲಸ. ಹೋಗುವಾಗ ಉಳಿ ಹಿಡಿಯುವುದೂ ಗೊತ್ತಿರಲಿಲ್ಲ. ಈಗ ಬಾಗಿಲು, ಕುರ್ಚಿ, ಬೆಂಚು ಎಲ್ಲಾ ಮಾಡುತ್ತಾರೆ. ಕಳೆದ ಪೆರೋಲ್‌ನಲ್ಲಿ ಬಂದಾಗ ಅಜ್ಜಿಗೆ ಒಂದು ಮಣೆ ಮಾಡಿಕೊಟ್ಟು ಹೋದರು.

ಪೀಣ್ಯ ವೆಲ್ಡರ್
ಹಾಗಾದರೆ ಅರ್ಧ ಚಿಂತೆ ಬಿಡಿ. ಒಳ್ಳೆ ಕಾರ್ಪೆಂಟರ್ ಸಿಗದೆ ಬೆಂಗಳೂರಿನಲ್ಲಿ ಒದ್ದಾಡುತ್ತಿದ್ದಾರೆ.

ನೇರ ಮಾತು
ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ಹೊತ್ತು ಓದಿದೆ. ಕೊಂದವರಿಗೆ ಆಧಾರ್, ಕೆಲಸ, ಹಾಸಿಗೆ ಬಿಸಿಲಿಗೆ ಹಾಕಿದ್ದು ಎಲ್ಲಾ ಬಂತು. ಸತ್ತವನ ಮನೆಯವರು ಹದಿನಾರು ವರ್ಷ ಹೇಗೆ ಬದುಕಿದರು ಅಂತ ಒಬ್ಬರಾದರೂ ಕೇಳಿದಿರಾ? ಡಿಗ್ರಿ ಮಾಡಿದ ನಮ್ಮ ಹುಡುಗರಿಗೇ ಕೆಲಸ ಇಲ್ಲ.

ಕೆರೆ ಏರಿ
ಶಿಕ್ಷೆ ಮುಗಿಸಿದ್ದಾರಲ್ಲ ಸರ್. ಇನ್ನೆಷ್ಟು ಸಲ ಕೊಡಬೇಕು?

ನೇರ ಮಾತು
ಜೀವಾವಧಿ ಅಂದರೆ ಜೀವ ಇರುವವರೆಗೂ. ಮುಗಿಸಿಲ್ಲ, ಸರ್ಕಾರ ಬಿಟ್ಟಿದೆ ಅಷ್ಟೇ.

ಧಾರವಾಡದ ವಕೀಲೆ
ನೇರ ಮಾತು ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಜೀವಾವಧಿ ಅಂದರೆ 14 ವರ್ಷ ಅಂತ ಜನ ತಿಳಿದುಕೊಂಡಿದ್ದಾರೆ, ಅದು ತಪ್ಪು. ಕೊಲೆಯಂಥ ಕೇಸಿನಲ್ಲಿ ಜೀವಾವಧಿ ಆದವರನ್ನು ಸರ್ಕಾರ ಬಿಡಬೇಕಾದರೆ ಕನಿಷ್ಠ 14 ವರ್ಷ ಒಳಗೆ ಕಳೆದಿರಲೇಬೇಕು ಅಂತ ಹಳೇ ಅಪರಾಧ ಪ್ರಕ್ರಿಯಾ ಕಾನೂನಾದ ಸಿಆರ್‌ಪಿಸಿಯ 433ಎ ಹೇಳುತ್ತಿತ್ತು. ಈಗ ಅದೇ ಹೊಸ ಕಾನೂನು ಬಿಎನ್ಎಸ್ಎಸ್‌ನ 475ನೇ ಕಲಂ. ಅಷ್ಟು ಮುಗಿದ ಮೇಲೂ ಬಿಡಲೇಬೇಕು ಅಂತಿಲ್ಲ. ನಡತೆ ನೋಡಬೇಕು, ಊರಿನ ವರದಿ ತರಿಸಬೇಕು, ಸಮಿತಿ ಒಪ್ಪಬೇಕು. ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಇರುವ ಕ್ಷಮಾದಾನದ ಅಧಿಕಾರ ಬೇರೆ ದಾರಿ. ಹಾಗಾಗಿ ಇವರ ಚಿಕ್ಕಪ್ಪನನ್ನು ಯಾರೋ ಸುಮ್ನೆ ಬಿಟ್ಟು ಕಳಿಸುತ್ತಿಲ್ಲ.

ಆದರೆ ಸತ್ತವರ ಮನೆಯವರ ಪ್ರಶ್ನೆಯನ್ನು ನಾವು ಹಾರಿಸಿ ಮುಂದೆ ಹೋಗಬಾರದು. ಅದಕ್ಕೆ ನನ್ನದೂ ಒಪ್ಪಿಗೆ ಇದೆ.

ಮಲ್ಲಿಗೆ ತೋಟ
ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಆ ಕಡೆಯವಳು. ನನ್ನ ಅಪ್ಪನನ್ನು ಕೊಂದಾಗ ನನಗೆ ಹನ್ನೊಂದು ವರ್ಷ.

ಕೊಂದವನು ಬಿಡುಗಡೆಯಾದ ಸುದ್ದಿಯನ್ನು ನಮಗೆ ಯಾರೂ ಹೇಳಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ತಲೆ ಎತ್ತಿದರೆ ತಕ್ಕಡಿಯ ಆ ಕಡೆ ಅವನು ನಿಂತಿದ್ದ. ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅಮ್ಮ ಆ ವಾರವೆಲ್ಲ ಹಿಂದಿನ ಬಾಗಿಲಿಗೂ ಅಗುಳಿ ಹಾಕಿಕೊಂಡೇ ಇದ್ದಳು. ಅವನು ಊರಿಗೆ ಬಂದ ದಿನ ಪಟಾಕಿ ಹೊಡೆದಿದ್ದರಂತೆ. ನಾವು ಯಾವುದೋ ಮದುವೆ ಅಂದುಕೊಂಡಿದ್ದೆವು.

ಅವನು ಬದುಕಬಾರದು ಅಂತ ನಾನು ಹೇಳುವುದಿಲ್ಲ. ನನ್ನ ಬೇಡಿಕೆ ಇಷ್ಟೇ. ಬರುತ್ತಾರೆ ಅಂತ ಆ ಮನೆಗೆ ಮೊದಲೇ ತಿಳಿಸಿ. ನೀವೇ ಹೋಗಬೇಡಿ, ಅವರು ನಂಬುವ ಹಿರಿಯರ ಕೈಲಿ ಹೇಳಿಸಿ. ಹಾರ, ಪಟಾಕಿ, ತಮಟೆ ಏನೂ ಬೇಡ. ಅವರಾಗಿ ಮಾತಾಡುವವರೆಗೆ ಕ್ಷಮೆ ಕೇಳುವುದಕ್ಕೂ ಅವರ ಬಾಗಿಲಿಗೆ ಹೋಗಬೇಡಿ. ಕ್ಷಮೆ ಕೇಳಿದರೆ ಕೇಳಿದವರಿಗೆ ಭಾರ ಇಳಿಯುತ್ತದೆ. ಅದು ಆಗ ನಮ್ಮ ತಲೆಮೇಲೆ ಬಂದು ಕೂರುತ್ತದೆ.

ಹೇಮಾವತಿ ದಡ
ಅಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಿಜ ಹೇಳುತ್ತೇನೆ, ಬಂದ ದಿನವೇ ಚಿಕ್ಕಪ್ಪನನ್ನು ಆ ಮನೆಗೆ ಕರೆದುಕೊಂಡು ಹೋಗಿ ಕಾಲಿಗೆ ಬೀಳಿಸಬೇಕು ಅಂತ ನಮ್ಮಪ್ಪ ಪ್ಲಾನ್ ಮಾಡಿದ್ದರು. ಈಗ ಬೇಡ ಅಂದಿದ್ದೇನೆ. ಅವರ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನಮಗೂ ಪಾಠ ಹೇಳಿದವರು. ನಾಳೆ ಅವರನ್ನು ಭೇಟಿಯಾಗುತ್ತೇನೆ.

ಮಲ್ಲಿಗೆ ತೋಟ
ಕೇಳಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್ ತಮ್ಮಾ.

ನೇರ ಮಾತು
ಮಲ್ಲಿಗೆ ತೋಟ ಅವರೇ, ನಿಮಗೆ ಸರ್ಕಾರದಿಂದ ಪರಿಹಾರ ಏನಾದರೂ ಸಿಕ್ಕಿತಾ?

ಮಲ್ಲಿಗೆ ತೋಟ
ಇಲ್ಲ. ಅಂಥದ್ದೊಂದು ಇದೆ ಅನ್ನುವುದೇ ಆಗ ಗೊತ್ತಿರಲಿಲ್ಲ.

ಧಾರವಾಡದ ವಕೀಲೆ
ಸಂತ್ರಸ್ತರ ಪರಿಹಾರಕ್ಕೆ 2009ರಲ್ಲಿ ಸಿಆರ್‌ಪಿಸಿಗೆ 357ಎ ಸೇರಿಸಿದರು. ನಮ್ಮ ರಾಜ್ಯದ ಯೋಜನೆ ಬಂದದ್ದು 2011ರಲ್ಲಿ. ಅದೂ ಕಾನೂನು ಸೇವಾ ಪ್ರಾಧಿಕಾರದ ಮೂಲಕವೇ. ಕೋರ್ಟಿನಲ್ಲಿ ಕೇಸು ನಡೆಯುವಾಗ ಅದನ್ನು ಅವರಿಗೆ ಹೇಳುವವರೇ ಇರುವುದಿಲ್ಲ. ಆರೋಪಿಗೆ ವಕೀಲರು ಇರುತ್ತಾರೆ, ಸರ್ಕಾರಕ್ಕೆ ಪಿಪಿ (ಸರ್ಕಾರಿ ವಕೀಲರು) ಇರುತ್ತಾರೆ. ಸತ್ತವನ ಹೆಂಡತಿ ಸಾಕ್ಷಿ ಹೇಳಿ ಬಸ್ ಹತ್ತುತ್ತಾಳೆ.

ಇನ್ನೊಂದು ವಿಷಯ ಇಲ್ಲಿಗೆ ಸೇರುತ್ತದೆ. ಕೈದಿಗಳ ಕೂಲಿ ಬಗ್ಗೆ ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತಿನ ಕೇಸಿನಲ್ಲಿ ತೀರ್ಪು ಕೊಟ್ಟಿತು. ದುಡಿಸಿಕೊಂಡರೆ ನ್ಯಾಯವಾದ ಕೂಲಿ ಕೊಡಿ, ಅದರಲ್ಲಿ ಒಂದು ಪಾಲನ್ನು ನೊಂದವರಿಗೆ ತೆಗೆದಿಡಿ ಅಂತ. ಮಾತಿನ ಈ ಎರಡನೇ ಭಾಗವನ್ನು ಜನ ಮರೆತೇಬಿಟ್ಟಿದ್ದಾರೆ.

ಚಾಮುಂಡಿ ಬೆಟ್ಟ
ಕೂಲಿ ಅಂದರೆ ಎಷ್ಟು ಕೊಡುತ್ತಾರೆ? ಹಿಂದೆಲ್ಲ ಚಿಲ್ಲರೆ ಕಾಸು ಅಂತ ಕೇಳಿದ್ದೆ.

ನಿವೃತ್ತ ವಾರ್ಡರ್
ಹಿಂದೆ ಚಿಲ್ಲರೆಯೇ. 2023ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಚೆನ್ನಾಗಿಯೇ ಏರಿಸಿದರು. ಕುಶಲವಲ್ಲದ ಕೆಲಸಕ್ಕೆ ದಿನಕ್ಕೆ 524 ರೂಪಾಯಿ, ಒಳ್ಳೆ ನುರಿತವರಿಗೆ 663 ರೂಪಾಯಿವರೆಗೆ. ಇದು ಸಜಾ ಆದವರಿಗೆ. ಕೇಸು ನಡೆಯುತ್ತಿರುವ ವಿಚಾರಣಾಧೀನ ಕೈದಿಗಳಿಗೆ ಕೆಲಸ ಕಡ್ಡಾಯ ಇಲ್ಲ.

ಚಾಮುಂಡಿ ಬೆಟ್ಟ
ಜೈಲು ಅಂದರೆ ನನಗೆ ನೆನಪಾಗುವುದು ನಾಟಕ. ನಮ್ಮ ಮೈಸೂರಿನಲ್ಲಿ ಹುಲುಗಪ್ಪ ಕಟ್ಟಿಮನಿಯವರು ಕೈದಿಗಳಿಂದ ನಾಟಕ ಮಾಡಿಸುತ್ತಿದ್ದರು. ಒಂದು ಪ್ರದರ್ಶನಕ್ಕೆ ಹೋಗಿದ್ದೆ. ರಾಜನ ಪಾರ್ಟು ಮಾಡಿದವನ ಮಾತು ಎಷ್ಟು ಸ್ಪಷ್ಟ ಅಂದರೆ ಹಿಂದಿನ ಸಾಲಿಗೂ ಪ್ರತಿ ಅಕ್ಷರ ಕೇಳುತ್ತಿತ್ತು. ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಪೊಲೀಸರ ನಡುವೆ ಸಾಲಾಗಿ ವ್ಯಾನ್ ಹತ್ತಿದರು. ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು 'ಅವನು ನನ್ನ ಮಗ' ಅಂದಳು. ಅಷ್ಟು ವರ್ಷದಲ್ಲಿ ಆ ಮಾತನ್ನು ಹತ್ತು ಜನರ ಎದುರು ಹೇಳಿದ್ದು ಅದೇ ಮೊದಲೋ ಏನೋ, ಹಾಗಿತ್ತು ಮುಖ.

ಪದ ಪ್ರೀತಿ
ಒಂದು ಸಣ್ಣ ತಿದ್ದುಪಡಿ. ಎಲ್ಲೆಲ್ಲೂ 'ಬಂಧಿ' ಅಂತ ಬರೆಯುತ್ತಾರೆ. 'ಬಂದಿ' ಸರಿ. ಬಂದೀಖಾನೆ ಅಂತೀವಲ್ಲ. ವಾರ್ಡರ್ ಸರ್ ಸರಿಯಾಗಿ ಬರೆದಿದ್ದಾರೆ.

ನಿವೃತ್ತ ವಾರ್ಡರ್
ರಿಜಿಸ್ಟರ್ ಬರೆದೂ ಬರೆದೂ ಕೈಗೆ ಕೂತಿದೆ ಸರ್. ಆದರೆ ಹೊರಗೆ ಬಂದ ಮೇಲೆ ಬಂದಿಯೂ ಬೇಡ, ಕೈದಿಯೂ ಬೇಡ. ಹೆಸರು ಹಿಡಿದು ಕರೆಯಿರಿ. ಒಳಗೆ ಅವರನ್ನು ನಂಬರ್ ಹೇಳಿಯೇ ಕರೆದಿರುತ್ತಾರೆ.

ಗಾಂಧಿನಗರ ವಾಸಿ
ನಾವು ಚಿಕ್ಕವರಿದ್ದಾಗ ಸೆಂಟ್ರಲ್ ಜೈಲು ಮೆಜೆಸ್ಟಿಕ್ ಹತ್ತಿರವೇ ಇತ್ತು. ಈಗ ಫ್ರೀಡಂ ಪಾರ್ಕ್ ಆಗಿದೆ. ಆ ಗೋಡೆ ಪಕ್ಕ ನಡೆದೇ ಶಾಲೆಗೆ ಹೋಗುತ್ತಿದ್ದೆವು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಮನಸ್ಸಿಗೂ ಬರುವುದಿಲ್ಲ. ಯಾರಾದರೂ ಸಿನಿಮಾ ನಟರು ಒಳಗೆ ಹೋದಾಗ ಮಾತ್ರ ಟಿವಿಯಲ್ಲಿ ಮೂರು ದಿನ ಜೈಲು ಊಟದ ಬಗ್ಗೆ ಚರ್ಚೆ.

ನೇರ ಮಾತು
ದುಡ್ಡಿದ್ದವರಿಗೆ ಒಳಗೆ ಎಲ್ಲಾ ಸಿಗುತ್ತದೆ. 2017ರಲ್ಲಿ ಕಾರಾಗೃಹ ಡಿಐಜಿ ಆಗಿದ್ದ ಡಿ. ರೂಪಾ ಅವರೇ ಪರಪ್ಪನ ಅಗ್ರಹಾರದ ಬಗ್ಗೆ ವರದಿ ಕೊಟ್ಟಿದ್ದರಲ್ಲ.

ಧಾರವಾಡದ ವಕೀಲೆ
ದುಡ್ಡಿಲ್ಲದವರ ಕಥೆ ನಾನು ಹೇಳುತ್ತೇನೆ. ದೇಶದ ಜೈಲುಗಳಲ್ಲಿ 2022ರ ಕೊನೆಗೆ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ 75ಕ್ಕಿಂತ ಜಾಸ್ತಿ. ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾವ ಕೋರ್ಟೂ ಹೇಳದ ಜನ ಇವರು.

ನಾನು ನೋಡಿಕೊಂಡ ಒಂದು ಕೇಸು. ಮೊಬೈಲ್ ಕಳ್ಳತನದ ಆರೋಪ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹುಡುಗ. ಜಾಮೀನು ಸಿಕ್ಕಿತು. ಶ್ಯೂರಿಟಿಗೆ, ಅಂದರೆ ಹೊಣೆ ನಿಲ್ಲುವುದಕ್ಕೆ, ಪಹಣಿ ಇರುವವರು ಬೇಕು ಅಂದರು. ಪಹಣಿ ತರುವುದಕ್ಕೆ ಅವನ ಅಪ್ಪನಿಗೆ ಒಂದು ಗುಂಟೆ ಜಮೀನೂ ಇಲ್ಲ. ಜಾಮೀನು ಸಿಕ್ಕ ಮೇಲೂ ನಾಲ್ಕೂವರೆ ತಿಂಗಳು ಒಳಗೇ ಇದ್ದ. ಮೋತಿರಾಮ್ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಇದನ್ನು ಬೈದಿದ್ದರು. ಅಲ್ಲೂ ಗಾರೆ ಕೆಲಸದವನೇ.

ಈಗ ಒಂದಷ್ಟು ದಾರಿ ಆಗಿದೆ. ಜಾಮೀನು ಕೊಟ್ಟು ಏಳು ದಿನದಲ್ಲಿ ಹೊರಗೆ ಬಾರದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ತಿಂಗಳಾದರೂ ಶ್ಯೂರಿಟಿ ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಬಡ ಕೈದಿಗಳಿಗೆ ಕೇಂದ್ರದ ಯೋಜನೆ ಇದೆ, 2023ರಲ್ಲಿ ಶುರುವಾದಾಗ ಜಾಮೀನಿಗೆ 40,000 ರೂಪಾಯಿವರೆಗೆ, ಸಜಾ ಆದವರ ದಂಡಕ್ಕೆ 25,000ದವರೆಗೆ ಇತ್ತು. ಬಿಎನ್ಎಸ್ಎಸ್ 479ರ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಜಾಮೀನಿಗೆ ಅರ್ಹರು. ಮರಣದಂಡನೆ, ಜೀವಾವಧಿ ಆಗಬಹುದಾದ ಕೇಸಿಗೆ ಮತ್ತು ಬೇರೆ ಕೇಸುಗಳೂ ಬಾಕಿ ಇರುವವರಿಗೆ ಇದು ಇಲ್ಲ. ಇದು ಹಳೇ ಕೇಸುಗಳಿಗೂ ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಆದೇಶ ಆಯಿತು.

ಆ ಹುಡುಗ ಹೊರಗೆ ಬಂದಾಗ ಗಾರೆ ಮೇಸ್ತ್ರಿ ಕೆಲಸಕ್ಕೆ ಸೇರಿಸಲಿಲ್ಲ. ಕೇಸು ಕೊನೆಗೆ ಖುಲಾಸೆ ಆಯಿತು. ಖುಲಾಸೆಯ ಪ್ರತಿ ತೆಗೆದುಕೊಂಡು ಹೋಗಿ ತೋರಿಸಿದರೂ ಮೇಸ್ತ್ರಿ 'ಜೈಲಿಗೆ ಹೋಗಿದ್ದೆ ತಾನೇ' ಅಂದನಂತೆ.

ಕೆರೆ ಏರಿ
ಇದು ಬಹಳ ಅನ್ಯಾಯ ಮೇಡಂ.

ಅಂಗನವಾಡಿ ಟೀಚರ್
ಹೆಂಗಸರ ವಿಷಯ ಯಾರೂ ಎತ್ತಲಿಲ್ಲ. ಗಂಡಸು ಬಂದರೆ ಅವನ ಅಮ್ಮ ಹಾಸಿಗೆ ಒಣಗಿಸುತ್ತಾಳೆ. ಹೆಂಗಸು ಬಂದರೆ ತವರೂ ಇಲ್ಲ, ಗಂಡನ ಮನೆಯೂ ಇಲ್ಲ.

ನಮ್ಮ ಹಳ್ಳಿಗೆ ಒಬ್ಬಳು ಬಂದಳು. ಏಳು ವರ್ಷ ಒಳಗಿದ್ದವಳು. ಮಗ ಹುಟ್ಟಿದ್ದೇ ಅಲ್ಲಿ. ಆರು ವರ್ಷದವರೆಗೆ ತಾಯಿ ಜೊತೆ ಇಟ್ಟುಕೊಳ್ಳಬಹುದು, ಆಮೇಲೆ ಮಗುವನ್ನು ಹೊರಗೆ ಕಳಿಸಬೇಕು. ಆ ಮಗು ನಮ್ಮ ಅಂಗನವಾಡಿಗೆ ಬಂದಾಗ ನಾಯಿ ಕಂಡು ಚೀರಿತು. ಅದು ನಾಯಿಯನ್ನೇ ಹತ್ತಿರದಿಂದ ನೋಡಿರಲಿಲ್ಲ. ಸಂಜೆ ಕತ್ತಲಾದ ಮೇಲೆ ಆಕಾಶ ತೋರಿಸಿದರೆ ಇದೇನು ಅಂತ ಕೇಳುತ್ತಿತ್ತು. ಸಂಜೆ ಆಗುವ ಹೊತ್ತಿಗೆ ಬ್ಯಾರಕ್ ಬಾಗಿಲು ಹಾಕುತ್ತಾರೆ. ನಕ್ಷತ್ರ ನೋಡುವುದು ಹೇಗೆ?

ಅವಳು ಮೊದಲ ದಿನ ಬಸ್ಸಿನಲ್ಲಿ ಬರುವಾಗ ಶಕ್ತಿ ಯೋಜನೆಯ ಫ್ರೀ ಟಿಕೆಟ್‌ಗೆ ತೋರಿಸಲು ಆಧಾರ್ ಇರಲಿಲ್ಲ. ಕಂಡಕ್ಟರ್ ಎಲ್ಲರ ಎದುರು ಎಲ್ಲಿಂದ ಬಂದೆ ಅಂತ ಕೇಳಿದನಂತೆ. ಅರ್ಧ ದಾರಿಯಲ್ಲೇ ಇಳಿದು ನಡೆದಿದ್ದಾಳೆ, ಮಗು ಎತ್ತಿಕೊಂಡು. ಕಾಗದ ಮೊದಲೇ ಮಾಡಿಸಿ ಅಂತ ವಕೀಲೆ ಮೇಡಂ ಹೇಳಿದ್ದಕ್ಕೆ ಇದನ್ನು ಬರೆದೆ.

ಮಲ್ಲಿಗೆ ತೋಟ
ಆ ಮಗು ಈಗ ಹೇಗಿದೆ ಟೀಚರ್?

ಅಂಗನವಾಡಿ ಟೀಚರ್
ಎರಡನೇ ಕ್ಲಾಸು. ನಾಯಿ ಸಾಕಿದೆ.

ಹುಬ್ಬಳ್ಳಿ ಗ್ಯಾರೇಜ್
ನಾನು ಇಬ್ಬರಿಗೆ ಕೆಲಸ ಕೊಟ್ಟಿದ್ದೇನೆ ರೀ. ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ಒಬ್ಬ ಐದು ತಿಂಗಳಿಗೆ ಬಿಟ್ಟುಹೋದ, ಅಡ್ವಾನ್ಸ್ ತಗೊಂಡು. ಇನ್ನೊಬ್ಬ ಆರು ವರ್ಷದಿಂದ ಇದ್ದಾನೆ, ನನ್ನ ಗ್ಯಾರೇಜಿನ ಬೀಗದ ಕೈ ಅವನ ಹತ್ತಿರವೇ. ಇಬ್ಬರನ್ನೂ ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಏನಪ್ಪಾ ಅಂದರೆ, ಹೋದವನು ಲಾಡ್ಜಿನಲ್ಲಿ ಒಬ್ಬನೇ ಇದ್ದ. ಉಳಿದವನು ಅಕ್ಕನ ಮನೆಯಲ್ಲಿ ಇದ್ದ. ಕೆಲಸ ಇಬ್ಬರಿಗೂ ಒಂದೇ, ಸಂಬಳವೂ ಒಂದೇ. ಸಂಜೆ ಹೋದಾಗ ಊಟ ಆಯ್ತಾ ಅಂತ ಕೇಳುವವರು ಒಬ್ಬನಿಗೆ ಇರಲಿಲ್ಲ.

ಉಳಿದವನು ಮೊದಲ ತಿಂಗಳು ಟೀ ಕುಡಿಯುವುದಕ್ಕೆ ಹೋಗಬೇಕಾದರೂ ಬಂದು ಪರ್ಮಿಶನ್ ಕೇಳುತ್ತಿದ್ದ. ಶಟರ್ ತೆರೆದೇ ಇದ್ದರೂ ನಾನು ಹೂಂ ಅನ್ನುವವರೆಗೆ ದಾಟುತ್ತಿರಲಿಲ್ಲ. ಬೇರೆ ಹುಡುಗರಿಗೆ ಅವನ ಕೇಸಿನ ಬಗ್ಗೆ ಹೇಳಲಿಲ್ಲ. ಫೋರ್‌ಮನ್‌ಗೆ ಮಾತ್ರ ಹೇಳಿದೆ. ಯಾಕಂದರೆ ಆಮೇಲೆ ಹೊರಗಿನಿಂದ ಗೊತ್ತಾದರೆ ಕೆಟ್ಟದಾಗಿ ಗೊತ್ತಾಗುತ್ತದೆ.

ಪೀಣ್ಯ ವೆಲ್ಡರ್
ಅಣ್ಣಾ, ಮುಚ್ಚಿಡುವುದು ಸರಿಯಾ? ನನ್ನ ಪಕ್ಕ ನಿಂತು ಕೆಲಸ ಮಾಡುವವನು ಯಾರು ಅಂತ ನನಗೆ ಗೊತ್ತಿರಬೇಕಲ್ವಾ?

ಹುಬ್ಬಳ್ಳಿ ಗ್ಯಾರೇಜ್
ನಿಮ್ಮ ಪಕ್ಕದಲ್ಲಿರುವವನು ಕುಡಿದು ಹೆಂಡತಿಗೆ ಹೊಡೆಯುತ್ತಾನಾ ಇಲ್ಲವಾ ಅಂತ ನಿಮಗೆ ಗೊತ್ತಾ? ಇವನ ತಪ್ಪು ಕೋರ್ಟಿಗೆ ಬಂದಿದೆ, ಶಿಕ್ಷೆಯೂ ಆಗಿದೆ. ಅವನು ಹೇಳಬೇಕು ಅನ್ನಿಸಿದರೆ ಹೇಳಲಿ. ನಾನು ಡಂಗುರ ಹೊಡೆಯಲ್ಲ. ಎರಡು ವರ್ಷ ಆದ ಮೇಲೆ ಅವನೇ ಎಲ್ಲರಿಗೂ ಹೇಳಿದ. ಯಾರೂ ಕೆಲಸ ಬಿಡಲಿಲ್ಲ.

ಪೀಣ್ಯ ವೆಲ್ಡರ್
ಪೂರ್ತಿ ಒಪ್ಪಲಾರೆ. ಆದರೂ ನಿಮ್ಮ ಮಾತಿನಲ್ಲಿ ಸತ್ಯ ಇದೆ.

ತುಂಗಾ ತೀರ
ನನ್ನ ಅಣ್ಣ ಹೊಡೆದಾಟದ ಕೇಸಿನಲ್ಲಿ ಮೂರು ವರ್ಷ ಇದ್ದು ಬಂದ. ರೌಡಿ ಶೀಟ್ ತೆರೆದಿದ್ದರು. ಗಣಪತಿ ಹಬ್ಬ ಬಂದರೆ ಠಾಣೆಗೆ ಕರೆಸುವುದು, ಎಲೆಕ್ಷನ್ ಬಂದರೆ ಕರೆಸುವುದು, ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವುದು. ಓನರ್ ಮನೆ ಖಾಲಿ ಮಾಡಿಸಿದರು. ಮೂರು ಮನೆ ಬದಲಾಯಿಸಿದೆವು. ಸೆಕ್ಯೂರಿಟಿ ಕೆಲಸಕ್ಕೆ ಹೋದರೆ ಪೊಲೀಸ್ ವೆರಿಫಿಕೇಶನ್. ಆ್ಯಪ್ ಕ್ಯಾಬ್ ಓಡಿಸೋಣ ಅಂದರೂ ಪೊಲೀಸ್ ಸರ್ಟಿಫಿಕೇಟ್. ನೇರವಾಗಿ ಬದುಕು ಅಂತಾರೆ. ಹೋದ ಕಡೆಯೆಲ್ಲ ಅದೇ ಕಾಗದ ಕೇಳುತ್ತಾರೆ.

ಧಾರವಾಡದ ವಕೀಲೆ
ಈಗ ಹೊಸ ಕೇಸು ಇಲ್ಲದೆ ಎಷ್ಟು ವರ್ಷ ಆಯಿತು? ರೌಡಿ ಶೀಟ್ ಮುಚ್ಚಿ ಅಂತ ಎಸ್‌ಪಿಯವರಿಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಇಸ್ಕೊಳ್ಳಿ. ಉತ್ತರ ಬಾರದಿದ್ದರೆ ಹೈಕೋರ್ಟಿಗೆ ಹೋಗಬಹುದು. ಕಾಗದದ ಮೇಲೆ ಕೇಳದೆ ಅದು ತಾನಾಗಿ ಮುಚ್ಚುವುದು ಕಷ್ಟ.

ಕಾಫಿ ಕಣಿವೆ
ನಮ್ಮಲ್ಲಿ ಬಯಲು ಬಂದೀಖಾನೆಗಳು ಜಾಸ್ತಿ ಆಗಬೇಕು. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಇದೆ. ಬೆಂಗಳೂರಿನ ಕೋರಮಂಗಲ ಅಲ್ಲ. ಸನ್ನಡತೆ ಇರುವ ಸಜಾ ಕೈದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. 1963ರಿಂದ ನಡೆಯುತ್ತಿದೆ. ಕೈದಿ ಹೆಂಡತಿ ಮಕ್ಕಳ ಜೊತೆ ಅಲ್ಲೇ ಇರಬಹುದು, ಬೆಳಿಗ್ಗೆ ಊರಿಗೆ ಹೋಗಿ ದುಡಿದು ಸಂಜೆ ಹಾಜರಿಗೆ ಬರಬೇಕು. ಹಾಗಿದ್ದು ಬಂದವನಿಗೆ ಬಿಡುಗಡೆ ಅನ್ನುವುದು ಬೆಟ್ಟದಿಂದ ಬಿದ್ದ ಹಾಗೆ ಆಗುವುದಿಲ್ಲ.

ನೇರ ಮಾತು
ಓಡಿಹೋದರೆ?

ನಿವೃತ್ತ ವಾರ್ಡರ್
ಹತ್ತು ವರ್ಷ ಒಳಗಿದ್ದು, ಇನ್ನೇನು ಹೆಸರು ಪಟ್ಟಿಗೆ ಬರುತ್ತದೆ ಅನ್ನುವವನು ಓಡುವುದಿಲ್ಲ ಸರ್. ಪೆರೋಲ್ ಮೇಲೆ ಕಳಿಸಿದ ಎಷ್ಟೋ ಜನ ಸಂಜೆ ಆರರ ಗಡುವಿಗೆ ಮಧ್ಯಾಹ್ನ ಎರಡಕ್ಕೇ ಬಂದು ಗೇಟಿನ ಎದುರು ಕೂತಿರುತ್ತಿದ್ದರು. ತಡ ಆದರೆ ಎಂಬ ಭಯ.

ದೊಡ್ಡಾಲದ ಮರ
ಮರಗೆಲಸದವರಿಗೆ ಪಿಎಂ ವಿಶ್ವಕರ್ಮ ಯೋಜನೆ ನೋಡಿ. 2023ರಲ್ಲಿ ಶುರುವಾಗಿದೆ. ಸಲಕರಣೆಗೆ 15,000 ರೂಪಾಯಿ, ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, 5% ಬಡ್ಡಿಗೆ ಮೊದಲ ಕಂತು ಒಂದು ಲಕ್ಷ ಸಾಲ. ಆಧಾರ್‌ಗೆ ಮೊಬೈಲ್ ಲಿಂಕ್ ಇರಲೇಬೇಕು. ಮತ್ತೆ ಅಲ್ಲಿಗೇ ಬಂತು ನೋಡಿ.

ಕೆರೆ ಏರಿ
ಓಟು ಹಾಕಬಹುದಾ ಅವರು?

ಧಾರವಾಡದ ವಕೀಲೆ
ಒಳಗಿರುವವರೆಗೆ ಇಲ್ಲ. ಹೊರಗೆ ಬಂದ ಮೇಲೆ ಹಾಕಬಹುದು. ಪಟ್ಟಿಯಲ್ಲಿ ಹೆಸರು ಹೋಗಿದ್ದರೆ ನಮೂನೆ 6 ತುಂಬಿ.

ಮಾವಿನ ತೋರಣ
ಮಗಳ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಅಂಥ ಮಗಳು. ಅಪ್ಪ ಬಂದಾಗ ನನಗೆ ಹದಿನೆಂಟು. ಎಲ್ಲರೂ 'ಅಪ್ಪನ್ನ ಮಾತಾಡಿಸು' ಅಂತ ತಳ್ಳಿದರು. ನನಗೆ ಅವರು ಜಾಲರಿ ಆಚೆಯ ಮನುಷ್ಯ. ಭೇಟಿಗೆ ಬಿಡುವ ಮುಲಾಕಾತ್ ದಿನ ಅಷ್ಟೊಂದು ಗದ್ದಲದಲ್ಲಿ 'ಚೆನ್ನಾಗಿ ಓದು' ಅನ್ನುವ ಒಂದು ಮಾತು ಮಾತ್ರ ಕೇಳಿಸುತ್ತಿತ್ತು. ಶಾಲೆಯಲ್ಲಿ ಅಪ್ಪ ದುಬೈಯಲ್ಲಿದ್ದಾರೆ ಅಂತ ಹೇಳಿದ್ದೆ. ಬಂದ ಮೇಲೆ ಅಪ್ಪ ನನ್ನ ಮೇಲೆ ಅಧಿಕಾರ ಮಾಡಲು ನೋಡಿದರು. ಯಾರ ಫೋನು, ಎಲ್ಲಿಗೆ ಹೋಗಿದ್ದೆ ಅಂತ. ಎಂಟು ತಿಂಗಳು ಮಾತು ಬಿಟ್ಟಿದ್ದೆ.

ಆಮೇಲೆ ಹೇಗೆ ಸರಿ ಹೋಯಿತು ಅಂದರೆ, ಅಪ್ಪನಿಗೆ ಫೋನಿನಲ್ಲಿ ದುಡ್ಡು ಕಳಿಸುವುದು ಬರುತ್ತಿರಲಿಲ್ಲ. ಅಂಗಡಿಯಲ್ಲಿ ನಾಚಿಕೊಂಡು ವಾಪಸ್ ಬಂದರು. ನಾನು ಕೂರಿಸಿಕೊಂಡು ಕಲಿಸಿದೆ. ಮೊದಲು ನನಗೇ ಒಂದು ರೂಪಾಯಿ ಕಳಿಸಿದರು. ಆ ದಿನ ನಾವಿಬ್ಬರೂ ಮಾತಾಡಿದೆವು. ನಿಮ್ಮ ತಂಗಿಗೆ ಏನೂ ಒತ್ತಾಯ ಮಾಡಬೇಡಿ. ಅವಳಿಗೆ ಬೇಕೆನಿಸಿದಾಗ ಬರಲಿ.

ಹೇಮಾವತಿ ದಡ
ಇದನ್ನು ಅವಳಿಗೆ ಕಳಿಸಿದ್ದೇನೆ. ಓದಿದ್ದಾಳೆ, ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.

ಹೇಮಾವತಿ ದಡ (ಏಳು ವಾರದ ನಂತರ)
ಚಿಕ್ಕಪ್ಪ ಬಂದು ಹನ್ನೆರಡು ದಿನ ಆಯಿತು. ಸಹಾಯ ಮಾಡಿದವರಿಗೆ ಹೇಳದೆ ಇರುವುದು ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ಅಪ್ಪ, ನಾನು ಇಬ್ಬರೇ ಗೇಟಿಗೆ ಹೋಗಿದ್ದೆವು. ಹಾರ ಇಲ್ಲ, ಏನೂ ಇಲ್ಲ. ಊರಿಗೆ ಕರೆದುಕೊಂಡು ಹೋಗಲಿಲ್ಲ. ಮೇಷ್ಟ್ರು ಆ ಮನೆಯವರ ಹತ್ತಿರ ಮಾತಾಡಿದ್ದರು. ಅವರ ದೊಡ್ಡ ಮಗ ಒಂದೇ ಮಾತು ಹೇಳಿದರಂತೆ, 'ನಮ್ಮಮ್ಮ ಇರುವವರೆಗೆ ಈ ಬೀದಿಯಲ್ಲಿ ಬೇಡ.' ಅದು ಸರಿ ಅನ್ನಿಸಿತು. ಹಾಸನದಲ್ಲಿ ನನ್ನ ರೂಮಿನಲ್ಲೇ ಇಟ್ಟುಕೊಂಡಿದ್ದೇನೆ. ಅಜ್ಜಿಯನ್ನು ಇಲ್ಲಿಗೇ ಕರೆದುಕೊಂಡು ಬಂದೆ. ಆ ಹಾಸಿಗೆಯನ್ನೂ ತಂದಿದ್ದಾಳೆ.

ರಾತ್ರಿ ಲೈಟ್ ಆರಿಸಿದರೆ ಚಿಕ್ಕಪ್ಪನಿಗೆ ನಿದ್ದೆ ಬರುವುದಿಲ್ಲ. ಅಲ್ಲಿ ರಾತ್ರಿಯೆಲ್ಲ ಲೈಟ್ ಉರಿಯುತ್ತಿತ್ತಂತೆ. ಐದೂವರೆಗೇ ಊಟಕ್ಕೆ ಕೂರುತ್ತಾರೆ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆಯೇ ಬಾಗಿಲ ಹತ್ತಿರ ಬಂದು ನಿಂತುಬಿಡುತ್ತಾರೆ, ಯಾರಾದರೂ ತೆಗೆಯಲಿ ಅಂತ. ಅಜ್ಜಿ ಈಗ ಹಗಲೆಲ್ಲ ಬಾಗಿಲು ಹಾಕಲು ಬಿಡುತ್ತಿಲ್ಲ. ಸೊಳ್ಳೆ ಬಂದರೂ ಸರಿ ಅಂತಾಳೆ.

ಒಂದು ಫರ್ನಿಚರ್ ಅಂಗಡಿಯವರು ತಿಂಗಳು ನೋಡೋಣ ಅಂದಿದ್ದಾರೆ. ಮಾಲೀಕರಿಗೆ ಎಲ್ಲಾ ಹೇಳಿದ್ದೇವೆ. ತಂಗಿ ಇನ್ನೂ ಬಂದಿಲ್ಲ. ಆದರೆ ಭಾನುವಾರ ಚಿಕ್ಕಪ್ಪನ ಫೋನಿಗೆ ಒಂದು ರೂಪಾಯಿ ಬಂತು. ಯಾರು ಕಳಿಸಿದ್ದು ಅಂತ ಅವರಿಗೆ ಹೆಸರು ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ಮಾವಿನ ತೋರಣ
ಕಣ್ಣು ತುಂಬಿ ಬಂತು ಅಣ್ಣ.

ಮಲ್ಲಿಗೆ ತೋಟ
ಬೀದಿ ಬಿಟ್ಟು ದೂರ ಇಟ್ಟಿದ್ದಕ್ಕೆ ಆ ತಾಯಿಯ ಪರವಾಗಿ ನನ್ನ ನಮಸ್ಕಾರ.

ನೇರ ಮಾತು
ನಾನು ಗಟ್ಟಿಯಾಗಿ ಮಾತಾಡಿದ್ದೆ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನೀವು ನಡೆದುಕೊಂಡ ರೀತಿಗೆ ಗೌರವ ಇದೆ. ನಮ್ಮ ಅರಸೀಕೆರೆ ಮನೆಗೆ ಎರಡು ಬಾಗಿಲು ಮಾಡಿಸಬೇಕು. ಮೆಸೇಜ್ ಮಾಡಿ.

ಹೇಮಾವತಿ ದಡ
ಖಂಡಿತ ಮಾಡುತ್ತೇನೆ ಸರ್. ವಕೀಲೆ ಮೇಡಂ, ಒಂದು ಪ್ರಶ್ನೆ ಉಳಿದಿದೆ. ಆಧಾರ್‌ಗೆ ಹೊಸ ನಂಬರ್ ಸೇರಿಸಲು ಸೋಮವಾರಕ್ಕೆ ಟೋಕನ್ ಸಿಕ್ಕಿದೆ. ಉಳಿ ಹಿಡಿದೂ ಹಿಡಿದೂ ಅವರ ಬೆರಳಿನ ಗೆರೆ ಸವೆದಿದೆ, ಕಳೆದ ಸಲ ಮಷೀನ್ ತಗೊಳ್ಳಲಿಲ್ಲ. ಕಣ್ಣಿನ ಗುರುತು ತಗೊಳ್ಳಿ ಅಂತ ಕೇಳಬಹುದಾ?

ಧಾರವಾಡದ ವಕೀಲೆ
ಕೇಳಿ. ಬೆರಳು ಬಾರದವರಿಗೆ ಕಣ್ಣಿನ ಗುರುತು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಬಿಡುಗಡೆ ಆದೇಶದ ಒಂದು ಜೆರಾಕ್ಸ್ ಜೊತೆಗಿರಲಿ.